ಬೆಲ್ಲೊ: ಎಂಟು ವೇಷದ ಒಂದು ಪದ

ಇಟಲಿಗೆ ಬಂದಿಳಿದ ಕನ್ನಡಿಗರ ಕಿವಿಗೆ ಮೊದಲು ಬೀಳುವ ಪದಗಳಲ್ಲಿ ‘ಬೆಲ್ಲಾ’ ಒಂದು. ನಮಗೆ ಅದು ತಿನ್ನುವ ಬೆಲ್ಲ. ಅವರಿಗೆ ಚೆಂದದ್ದು, ಅದೂ ಸ್ತ್ರೀಲಿಂಗದ ಚೆಂದದ್ದು. ಪುಲ್ಲಿಂಗವಾದರೆ ‘ಬೆಲ್ಲೊ’. ನಾಲ್ಕು ದಿನ ಸುತ್ತಾಡಿ ಹೋಗುವವರಿಗೆ ಇಷ್ಟು ಸಾಕು. ಇಲ್ಲೇ ಉಳಿದು ದುಡಿಯುವವರಿಗೆ ಸಾಲದು. ಈ ಒಂದು ಗುಣವಾಚಕಕ್ಕೆ ರೂಪಗಳೇ ಎಂಟು. ಅರ್ಥಗಳು ಅದಕ್ಕಿಂತ ಜಾಸ್ತಿ.

ನಾನಿರುವುದು ಬೊಲೋನ್ಯಾದಲ್ಲಿ. ಪ್ಯಾಕಿಂಗ್ ಮಷೀನ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಈ ಊರಿನ ಸುತ್ತಮುತ್ತ ಇಂಥ ಕಾರ್ಖಾನೆಗಳು ಎಷ್ಟಿವೆ ಎಂದರೆ, ಇಡೀ ಪ್ರದೇಶಕ್ಕೇ ಪ್ಯಾಕೇಜಿಂಗ್ ವ್ಯಾಲಿ ಎಂಬ ಹೆಸರು ಬಿದ್ದಿದೆ. ಡಿಸೈನ್ ವಿಭಾಗದಲ್ಲಿ ಇಂಗ್ಲಿಷ್ ನಡೆಯುತ್ತದೆ. ಮೆಟ್ಟಿಲಿಳಿದು ಜೋಡಣೆ ನಡೆಯುವ ಜಾಗಕ್ಕೆ ಹೋದರೆ ಬರೀ ಇಟಾಲಿಯನ್. ಅದಕ್ಕಿಂತ ದೊಡ್ಡ ಒತ್ತಡ ಬೇರೆ ಕಡೆಯಿಂದ ಬಂತು. ಇಲ್ಲಿ 5 ವರ್ಷ ಕಾನೂನುಬದ್ಧವಾಗಿ ಇದ್ದವರು ದೀರ್ಘಾವಧಿಯ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಆದರೆ ಅದಕ್ಕೆ ಇಟಾಲಿಯನ್ ಭಾಷೆಯಲ್ಲಿ ಎ2 ಎಂಬ ಆರಂಭಿಕ ಮಟ್ಟದ ಪರೀಕ್ಷೆ ಪಾಸಾಗಿರಬೇಕು. 2010ರಲ್ಲಿ ಬಂದ ನಿಯಮ ಇದು. ಹಾಗಾಗಿ ಚಿ-ಪಿ-ಇ-ಆ ಎಂಬ ನಾಲ್ಕಕ್ಷರದ ಹೆಸರಿನ, ದೊಡ್ಡವರಿಗಾಗಿ ಸರ್ಕಾರವೇ ನಡೆಸುವ ಶಾಲೆಯ ಸಂಜೆ ತರಗತಿಗೆ ಸೇರಿಕೊಂಡೆ.

ತರಗತಿಯಲ್ಲಿ ಮೊರಾಕೊ, ಬಾಂಗ್ಲಾದೇಶ, ಉಕ್ರೇನ್, ಫಿಲಿಪ್ಪೀನ್ಸ್ ಕಡೆಯವರು ಇದ್ದರು. ಕನ್ನಡದವಳು ನಾನೊಬ್ಬಳೇ. ಉಚ್ಚಾರಣೆಯ ಮಟ್ಟಿಗೆ ನನಗೆ ಕಷ್ಟವೇ ಆಗಲಿಲ್ಲ. ಇಟಾಲಿಯನ್ನಿನ ‘ತ’, ‘ದ’ ನಮ್ಮ ‘ತ’, ‘ದ’ ಇದ್ದ ಹಾಗೇ ಇವೆ. ಪದಗಳು ಹೆಚ್ಚುಕಡಿಮೆ ಎಲ್ಲವೂ ಸ್ವರದಲ್ಲೇ ಮುಗಿಯುತ್ತವೆ. ಎಲ್ಲಕ್ಕಿಂತ ದೊಡ್ಡ ಲಾಭ ಒತ್ತಕ್ಷರದ್ದು. ‘ಪಾಲಾ’ ಎಂದರೆ ಸಲಿಕೆ, ‘ಪಲ್ಲಾ’ ಎಂದರೆ ಚೆಂಡು. ಬೇರೆ ದೇಶದವರಲ್ಲಿ ಕೆಲವರು ಈ ‘ಲ್ಲ’ ಹಿಡಿಯಲು ಒದ್ದಾಡುತ್ತಾರೆ. ಹಲ್ಲು, ಕಲ್ಲು, ಮಲ್ಲಿಗೆ ಎನ್ನುತ್ತಾ ಬೆಳೆದವರಿಗೆ ಅದರಲ್ಲಿ ಕಲಿಯುವುದೇನಿದೆ? ‘ಬೆಲ್ಲೊ’ ಎಂದಾಗ ಟೀಚರ್ ನನ್ನ ಕಡೆ ಕೈ ತೋರಿಸಿ, ಹೀಗೆ ಹೇಳಬೇಕು ಎಂದರು. ಆ ಹೆಮ್ಮೆ ಸ್ವಲ್ಪ ಕಾಲ ಇತ್ತು.

ತೊಡಕು ಶುರುವಾದದ್ದು ಅರ್ಥದಲ್ಲಿ. ನಮಗೆ ‘ಚೆನ್ನಾಗಿದೆ’ ಎಂಬ ಒಂದೇ ಮಾತು ಇಡೀ ದಿನಕ್ಕೆ ಸಾಕು. ಸಾರು ಚೆನ್ನಾಗಿದೆ, ಸಿನಿಮಾ ಚೆನ್ನಾಗಿದೆ, ಸೀರೆ ಚೆನ್ನಾಗಿದೆ, ಹುಡುಗಿ ಚೆನ್ನಾಗಿ ಹಾಡ್ತಾಳೆ, ಚೆನ್ನಾಗಿದೀರಾ? ಇಟಾಲಿಯನ್ನಿನಲ್ಲಿ ಇದು ನಾಲ್ಕು ಹೋಳಾಗುತ್ತದೆ. ಕಣ್ಣಿಗೆ, ಮನಸ್ಸಿಗೆ ಹಿತವಾದದ್ದು ‘ಬೆಲ್ಲೊ’. ನಾಲಿಗೆಗೆ ಹಿತವಾದದ್ದು ‘ಬುವೋನೊ’. ಕೆಲಸದಲ್ಲಿ ಗಟ್ಟಿಗರಾದವರು ‘ಬ್ರಾವೊ’. ಇನ್ನು ಕ್ರಿಯೆ ಚೆನ್ನಾಗಿ ನಡೆದರೆ, ಮೈ ಚೆನ್ನಾಗಿದ್ದರೆ ‘ಬೇನೆ’. ಹೌದು, ಬೇನೆ! ಹೇಗಿದೀಯಾ ಎಂದು ಕೇಳಿದರೆ ಆರಾಮಾಗಿರುವ ಇಟಾಲಿಯನ್ನರು ‘ಬೇನೆ’ ಎನ್ನುತ್ತಾರೆ. ದಾವಣಗೆರೆಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, “ಥೂ, ಬಿಡ್ತು ಅನ್ನೇ” ಎಂದರು.

ಹಾಗಾಗಿ ರಾಗು ಎಂಬ ಮಾಂಸದ ಸಾಸನ್ನು ‘ಬೆಲ್ಲೊ’ ಅನ್ನುವ ಹಾಗಿಲ್ಲ. ಹೂರಣ ತುಂಬಿದ ಬೊಲೋನ್ಯಾದ ಪಾಸ್ತಾ ತೊರ್ತೆಲ್ಲೀನಿ ಎಷ್ಟೇ ಮುದ್ದಾಗಿ ಮಡಚಿದ್ದರೂ ಬಾಯಿಗಿಟ್ಟ ಮೇಲೆ ಅದು ‘ಬುವೋನೊ’ ಕಡೆಯ ಪದವೇ. ಸಿನಿಮಾ, ಹಾಡು ಸಾಮಾನ್ಯವಾಗಿ ‘ಬೆಲ್ಲೊ’ ಕಡೆಗೆ ಹೋಗುತ್ತವೆ. ಪುಸ್ತಕಕ್ಕೆ ಎರಡೂ ನಡೆಯುತ್ತದೆ. ನನಗೆ ಹಿಡಿಸಿತು ಎನ್ನುವುದಾದರೆ ‘ಬೆಲ್’, ಗುಣಮಟ್ಟದ ಮಾತಾದರೆ ‘ಬುವೋನ್’. ನನಗೆ ನಿಜವಾಗಿ ಆಶ್ಚರ್ಯ ತಂದದ್ದು ಮನುಷ್ಯರ ವಿಷಯ. ನಮ್ಮ ವಿಭಾಗದ ಮುಖ್ಯಸ್ಥರ ಬಗ್ಗೆ ಎಲ್ಲರೂ ‘ಉನಾ ಬೆಲ್ಲಾ ಪೆರ್ಸೋನಾ’ ಎನ್ನುತ್ತಿದ್ದರು. ಅವರಿಗೆ ಬೋಳು ತಲೆ, ದೊಡ್ಡ ಹೊಟ್ಟೆ. ರೂಪವಂತ ಅಂತೂ ಅಲ್ಲ. ಆಮೇಲೆ ತಿಳಿಯಿತು, ‘ಬೆಲ್ಲಾ ಪೆರ್ಸೋನಾ’ ಎಂದರೆ ಒಳ್ಳೆಯ ಮನಸ್ಸಿನವರು ಎಂದರ್ಥ. ಮುಖದ ಮಾತೇ ಅಲ್ಲಿಲ್ಲ. ಇನ್ನೊಂದು ತಮಾಷೆ ನೋಡಿ. ಅವರು ಗಂಡಸು, ಆದರೂ ‘ಬೆಲ್ಲಾ’. ಯಾಕೆಂದರೆ ‘ಪೆರ್ಸೋನಾ’ ಎಂಬ ಪದ ಸ್ತ್ರೀಲಿಂಗ. ಗುಣವಾಚಕ ಪದದ ಲಿಂಗವನ್ನು ಹಿಡಿಯುತ್ತದೆಯೇ ಹೊರತು ಎದುರಿಗಿರುವ ಮನುಷ್ಯನದ್ದನ್ನಲ್ಲ.

ಈ ಲಿಂಗದ ವಿಷಯಕ್ಕೆ ಕನ್ನಡದ ಮನಸ್ಸು ಅರ್ಧ ತಯಾರಾಗಿರುತ್ತದೆ, ಅರ್ಧ ಇರುವುದಿಲ್ಲ. ‘ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆಗಳು’ ಎಂದಾಗ ‘ಒಳ್ಳೆಯ’ ಅಲುಗಾಡುವುದಿಲ್ಲ. ಆದರೆ ವಾಕ್ಯದ ಕೊನೆಗೆ ಬಂದರೆ ‘ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು, ಒಳ್ಳೆಯವರು’ ಎಂದು ನಾವೂ ಬದಲಿಸುತ್ತೇವೆ. ಇಟಾಲಿಯನ್ನಿನಲ್ಲಿ ಎರಡೂ ಕಡೆ ಬದಲಾಗಬೇಕು. ಮತ್ತೆ ಅವರಿಗೆ ನಪುಂಸಕಲಿಂಗವಿಲ್ಲ. ಮನೆ ‘ಕಾಸಾ’ ಹೆಣ್ಣು, ಪುಸ್ತಕ ‘ಲೀಬ್ರೊ’ ಗಂಡು. ಕೊನೆಯ ಸ್ವರ ನೋಡಿ ಹೇಳಬಹುದು ಅಂದುಕೊಂಡರೆ ಅದಕ್ಕೂ ಅಪವಾದ. ‘ಮಾನೊ’, ಅಂದರೆ ಕೈ, ‘ಒ’ದಲ್ಲಿ ಮುಗಿದರೂ ಹೆಣ್ಣು. ‘ಪ್ರೊಬ್ಲೇಮಾ’ ‘ಆ’ದಲ್ಲಿ ಮುಗಿದರೂ ಗಂಡು. ಮೊಟ್ಟೆ ಒಂದಿದ್ದಾಗ ಗಂಡು, ಎರಡಾದರೆ ಹೆಣ್ಣು! ‘ಉನ್ ಬೆಲ್ಲುವೋವೊ’, ‘ಬೆಲ್ಲೆ ಉವೋವಾ’. ಇದಕ್ಕೆ ಕಾರಣವೂ ಇದೆ. ಲ್ಯಾಟಿನ್ನಿನಲ್ಲಿ ನಪುಂಸಕಲಿಂಗ ಇತ್ತು, ಅದರ ಬಹುವಚನ ‘ಆ’ದಲ್ಲಿ ಮುಗಿಯುತ್ತಿತ್ತು, ಅದೇ ಇಲ್ಲಿ ಹೆಣ್ಣಾಗಿ ಉಳಿದುಕೊಂಡಿದೆ. ಕಾರಣ ಗೊತ್ತಾದರೆ ನೆನಪಿನಲ್ಲಿ ಉಳಿಯುತ್ತದೆ ಅಂತೇನೂ ಇಲ್ಲ, ಆದರೆ ಸಿಟ್ಟು ಕಡಿಮೆಯಾಗುತ್ತದೆ.

ಈಗ ಎಂಟು ರೂಪಗಳಿಗೆ ಬರೋಣ. ನಾಮಪದ ಆದ ಮೇಲೆ ಬಂದರೆ, ಅಥವಾ ‘ಇದು ಚೆಂದ’ ಎಂಬಂಥ ವಾಕ್ಯದಲ್ಲಿ ಬಂದರೆ ಸುಲಭ. ಬೆಲ್ಲೊ, ಬೆಲ್ಲಾ, ಬೆಲ್ಲಿ, ಬೆಲ್ಲೆ. ನಾಲ್ಕೇ. ನಾಮಪದಕ್ಕಿಂತ ಮೊದಲು ಬಂದು ನಿಂತರೆ ಮಾತ್ರ ಪದ ವೇಷ ಬದಲಿಸುತ್ತದೆ. ಚೆಂದದ ಪುಸ್ತಕ ‘ಬೆಲ್ ಲೀಬ್ರೊ’. ಚೆಂದದ ಕನ್ನಡಿ ‘ಬೆಲ್ಲೊ ಸ್ಪೆಕ್ಯೊ’. ಚೆಂದದ ಮರ ‘ಬೆಲ್ಲಾಲ್ಬೆರೊ’. ಬಹುವಚನಕ್ಕೆ ಹೋದರೆ ಪುಸ್ತಕಗಳು ‘ಬೇಯಿ ಲೀಬ್ರಿ’, ಕನ್ನಡಿಗಳು ‘ಬೆಲ್ಯಿ ಸ್ಪೆಕ್ಕಿ’, ಮರಗಳು ‘ಬೆಲ್ಯಿ ಆಲ್ಬೆರಿ’. ಹೆಣ್ಣಿನ ಕಡೆ ಹಗುರ. ‘ಬೆಲ್ಲಾ ಕಾಸಾ’, ‘ಬೆಲ್ಲೆ ಕಾಸೆ’. ಸ್ವರದಿಂದ ಶುರುವಾದರೆ ಮಾತ್ರ ಏಕವಚನದಲ್ಲಿ ಒಂದು ಸ್ವರ ನುಂಗಿ ‘ಬೆಲ್ಲಿದೇಯಾ’, ಅಂದರೆ ಒಳ್ಳೇ ಐಡಿಯಾ. ಈ ‘ಇದೇಯಾ’ ಕೇಳಿದಾಗಲೆಲ್ಲ ಯಾರೋ ಏನೋ ಇದೆಯಾ ಅಂತ ಕೇಳಿದ ಹಾಗೆ ನನಗೆ ಈಗಲೂ ತಲೆ ಎತ್ತುವ ಹಾಗಾಗುತ್ತದೆ.

ಪುಸ್ತಕದಲ್ಲಿ ಇದಕ್ಕೊಂದು ಕೋಷ್ಟಕವಿತ್ತು. ಬಾಯಿಪಾಠ ಮಾಡಿದೆ, ಮಾತಾಡುವಾಗ ಒಂದೂ ಸಮಯಕ್ಕೆ ಬರಲಿಲ್ಲ. ವ್ಯಾಕರಣ ಪುಸ್ತಕಗಳು ಈ ಕೋಷ್ಟಕವನ್ನು ಕೈಬಿಟ್ಟರೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಹೊಸದಾಗಿ ಕಲಿಯುವುದು ಏನೂ ಇಲ್ಲ ಅಲ್ಲಿ. ಇಟಾಲಿಯನ್ನಿನಲ್ಲಿ ಸಾಮಾನ್ಯವಾಗಿ ನಾಮಪದಕ್ಕೆ ಮುಂಚೆ ಇಂಗ್ಲಿಷಿನ ‘ದಿ’ ತರಹದ ಆರ್ಟಿಕಲ್ ಒಂದು ಇರುತ್ತದೆ, ಅದನ್ನು ಮೊದಲ ವಾರವೇ ಕಲಿಸಿರುತ್ತಾರೆ. ‘ಇಲ್ ಲೀಬ್ರೊ’, ‘ಲೊ ಸ್ಪೆಕ್ಯೊ’, ‘ಲಾಲ್ಬೆರೊ’, ‘ಲಾ ಕಾಸಾ’, ‘ಇ ಲೀಬ್ರಿ’, ‘ಲ್ಯಿ ಸ್ಪೆಕ್ಕಿ’, ‘ಲೆ ಕಾಸೆ’. ‘ಬೆಲ್ಲೊ’ ಮಾಡುವುದಿಷ್ಟೇ, ಆ ಆರ್ಟಿಕಲ್ಲಿನ ಬಾಲವನ್ನು ತಾನು ಅಂಟಿಸಿಕೊಳ್ಳುತ್ತದೆ. ಇಲ್ ಇದ್ದಲ್ಲಿ ಬೆಲ್. ಲೊ ಇದ್ದಲ್ಲಿ ಬೆಲ್ಲೊ. ಇ ಇದ್ದಲ್ಲಿ ಬೇಯಿ. ಲ್ಯಿ ಇದ್ದಲ್ಲಿ ಬೆಲ್ಯಿ. ‘ಆ’ ಎಂದು ದೂರದ್ದನ್ನು ತೋರಿಸುವ ‘ಕ್ವೆಲ್, ಕ್ವೆಲ್ಲೊ, ಕ್ವೇಯಿ, ಕ್ವೆಲ್ಯಿ’ ಕೂಡ ಇದೇ ದಾರಿ. ‘ಒಳಗೆ’ ಎನ್ನುವ ‘ನೆಲ್, ನೆಲ್ಲೊ, ನೇಯಿ, ನೆಲ್ಯಿ’ ಕೂಡ. ಅಂದರೆ ಒಂದು ನಾಮಪದವನ್ನು ಆರ್ಟಿಕಲ್ ಸಮೇತ ಕಲಿತವರಿಗೆ ಈ ಮೂರೂ ಪುಕ್ಕಟೆ.

ಟೀಚರ್ ಒಂದು ಸಂಜೆ ಇದನ್ನು ಹೇಳಿಕೊಟ್ಟ ರೀತಿ ನನಗೆ ತುಂಬಾ ಹಿಡಿಸಿತು. ಪುಸ್ತಕ ಮುಚ್ಚಿಸಿ ಊರಿನ ನಕ್ಷೆ ಹರಡಿದರು. ಬೊಲೋನ್ಯಾದ ಎಷ್ಟೋ ಬೀದಿಗಳಿಗೆ ಸಂತರ ಹೆಸರು. ಸಂತ ಎನ್ನುವ ‘ಸಾಂತೊ’ ಪದವೂ ‘ಬೆಲ್ಲೊ’ ತರಹವೇ ಮೊಟಕಾಗುತ್ತದೆ, ನೀವೇ ನಿಯಮ ಹುಡುಕಿ ಎಂದರು. ನಾವು ಹುಡುಕಿದೆವು. ಊರ ನಡುವಿನ ದೊಡ್ಡ ಚರ್ಚು ಸಾನ್ ಪೆತ್ರೋನ್ಯೊ. ಬೀದಿಗಳು ಸಾನ್ ವಿತಾಲೆ, ಸಾನ್ ಫೆಲೀಚೆ. ಆದರೆ ಏಳು ಚರ್ಚುಗಳ ಸಮುಚ್ಚಯ ಎಂದು ಹೆಸರಾದದ್ದು ಸಾಂತೊ ಸ್ತೇಫನೊ. ಇನ್ನೊಂದು ಬೀದಿ ಸಾಂತ್ ಇಸಾಯಾ. ಊರಿನ ದೊಡ್ಡ ಆಸ್ಪತ್ರೆ ಸಾಂತ್ ಓರ್ಸೊಲಾ, ಆಕೆ ಹೆಣ್ಣು, ಆದರೂ ಸ್ವರ ಎದುರಾದ್ದರಿಂದ ‘ಸಾಂತಾ’ದ ‘ಆ’ ಹೋಗಿದೆ. ಸಾದಾ ವ್ಯಂಜನವಿದ್ದರೆ ಪದ ಮೊಟಕು. ‘ಸ’ಕಾರಕ್ಕೆ ಇನ್ನೊಂದು ವ್ಯಂಜನ ಕೂಡಿದ್ದರೆ ಪೂರ್ತಿ. ಸ್ವರವಿದ್ದರೆ ತನ್ನ ಸ್ವರ ಬಿಟ್ಟುಕೊಟ್ಟು ಅಂಟಿಕೊಳ್ಳುವುದು. ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದರೂ ವ್ಯಾಕರಣ ಕಾಣತೊಡಗಿತು. ಊರಿನ ಕಂಬಸಾಲಿನ ಚಾವಣಿಯ ದಾರಿಗಳು 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಅದರಲ್ಲಿ ಅತಿ ಉದ್ದದ್ದು 666 ಕಮಾನುಗಳ ಕೆಳಗೆ ಬೆಟ್ಟ ಹತ್ತಿಸಿ ಸಾನ್ ಲೂಕಾ ಚರ್ಚಿಗೆ ಕರೆದೊಯ್ಯುತ್ತದೆ. ಅದೂ ‘ಸಾನ್’.

ಆದರೆ ‘ಸಾಂತೊ’ಗೂ ‘ಬೆಲ್ಲೊ’ಗೂ ಒಂದು ಕಡೆ ದಾರಿ ಬೇರೆಯಾಗುತ್ತದೆ. ಚೆಂದದ ಬೆನ್ನುಚೀಲ ‘ಬೆಲ್ಲೊ ದ್ಸಾಯಿನೊ’. ‘ದ್ಸ’ ಧ್ವನಿಗೂ ‘ಲೊ’ ಗುಂಪಿನ ಮರ್ಯಾದೆಯೇ. ಆದರೆ ವೆರೋನಾದ ಸಂತ ಮಾತ್ರ ಸಾನ್ ದ್ಸೇನೊ. ಸಾಂತೊ ದ್ಸೇನೊ ಅಲ್ಲ. ಇಂಥ ಕಡೆ ‘ಯಾಕೆ’ ಎಂದು ಕೇಳಿದರೆ ಟೀಚರ್ ಭುಜ ಕುಣಿಸುತ್ತಿದ್ದರು.

ಅಪಾಸ್ಟ್ರಫಿ ವಿಷಯ ಬರೆಯುವಾಗ ಮಾತ್ರ ಕಾಡುತ್ತದೆ. ‘ಬೆಲ್ ಲೀಬ್ರೊ’ದಲ್ಲಿ ಚಿಹ್ನೆ ಇಲ್ಲ, ‘ಬೆಲ್ಲುವೋಮೊ’, ಅಂದರೆ ಸುಂದರ ಗಂಡಸು, ಅದರಲ್ಲಿ ಇದೆ. ಮೊದಲನೆಯದು ಮೊಟಕು ಮಾಡಿದ ರೂಪ, ವ್ಯಂಜನದ ಮುಂದೂ ನಿಲ್ಲಬಲ್ಲದು. ಎರಡನೆಯದು ಸ್ವರದ ಎದುರು ಸ್ವರ ಬಿದ್ದುಹೋದದ್ದು. ಹೈಸ್ಕೂಲಿನಲ್ಲಿ ಲೋಪಸಂಧಿ ಓದಿದವರಿಗೆ ಇದು ಪರಿಚಯದ್ದೇ. ಮಾತು ಇಲ್ಲ ಸೇರಿ ಮಾತಿಲ್ಲ ಆಯಿತು, ಬೆಲ್ಲೊ ಉವೋಮೊ ಸೇರಿ ಬೆಲ್ಲುವೋಮೊ ಆಯಿತು. ನಾವು ಬಿದ್ದ ಸ್ವರಕ್ಕೆ ಗುರುತು ಹಾಕುವುದಿಲ್ಲ, ಅವರು ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಸಂಧಿ ಎಂಬ ಕಲ್ಪನೆಯೇ ಹೊಸದಾಗಿದ್ದ ಪಕ್ಕದ ಬೆಂಚಿನ ಉಕ್ರೇನಿನ ಗೆಳತಿಗೆ ನಾನು ಇದನ್ನು ವಿವರಿಸಿದೆ. ಆಕೆಗೆ ಲಿಂಗ, ವಚನದ ಹೊಂದಾಣಿಕೆ ನೀರು ಕುಡಿದಷ್ಟು ಸುಲಭ, ಅವಳ ಭಾಷೆಯಲ್ಲಿ ಅದು ಇದೆ. ಹೀಗೆ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡು ಸಾಗಿದೆವು.

ಇನ್ನೂ ಒಂದು ಸೂಕ್ಷ್ಮ ಇದೆ. ರೂಪವನ್ನು ತೀರ್ಮಾನ ಮಾಡುವುದು ನಾಮಪದವಲ್ಲ, ಪಕ್ಕದಲ್ಲೇ ನಿಂತಿರುವ ಪದ. ಚೆಂದದ ಬೂಟುಗಳು ‘ಬೆಲ್ಯಿ ಸ್ತಿವಾಲಿ’. ನಡುವೆ ‘ಹಳೆಯ’ ಎಂಬ ಪದ ಬಂದು ಕೂತರೆ ‘ಬೇಯಿ ವೆಕ್ಕಿ ಸ್ತಿವಾಲಿ’. ಬೂಟು ಅದೇ, ಕಾಲೂ ಅದೇ, ‘ಬೆಲ್ಲೊ’ ಮಾತ್ರ ವೇಷ ಬದಲಿಸಿತು. ಹಾಗಾಗಿ ಇದು ಕಣ್ಣಿನ ವ್ಯಾಕರಣ ಅಲ್ಲ, ಪೂರ್ತಿ ಬಾಯಿಯ ವ್ಯಾಕರಣ. ನಾಲಿಗೆ ತಡವರಿಸದಿರಲು ಮಾಡಿಕೊಂಡ ಏರ್ಪಾಡು. ಜೋರಾಗಿ ಓದಿ ಕಲಿತರೆ ಬೇಗ ಬರುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಕಂಡದ್ದಕ್ಕೆಲ್ಲ ‘ಬೆಲ್ಲೊ’ ಅಂಟಿಸುತ್ತಾ ಗೊಣಗುತ್ತಾ ನಡೆಯುತ್ತಿದ್ದೆ. ನಾಯಿ ಬೆಲ್ ಕಾನೆ, ಅಂಗಡಿ ಬೆಲ್ ನೆಗೋತ್ಸ್ಯೊ, ಸೈಕಲ್ ಬೆಲ್ಲಾ ಬಿಚಿಕ್ಲೆತ್ತಾ. ಇಟಾಲಿಯನ್ನರು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡು ಹೋಗುವವರನ್ನು ನೋಡಿ ಏನೂ ಅಂದುಕೊಳ್ಳುವುದಿಲ್ಲ, ಅದೊಂದು ಅನುಕೂಲ.

ಪರೀಕ್ಷೆಗೆ ಹೊರಟವರಿಗೆ ಒಂದು ಕಳ್ಳದಾರಿಯನ್ನೂ ಹೇಳಿಬಿಡುತ್ತೇನೆ. ಚೆಂದದ ಕಣ್ಣುಗಳು ಎನ್ನಲು ‘ಬೆಲ್ಯಿ ಒಕ್ಕಿ’ಯೋ ‘ಬೇಯಿ ಒಕ್ಕಿ’ಯೋ ಎಂದು ಅನುಮಾನ ಬಂದರೆ ‘ಬೆಲ್ಲಿಸ್ಸಿಮಿ ಒಕ್ಕಿ’ ಎಂದುಬಿಡಿ. ‘ತುಂಬಾ ಚೆಂದ’ ಎನ್ನುವ ‘ಬೆಲ್ಲಿಸ್ಸಿಮೊ’ಗೆ ಈ ಮೊಟಕಾಟ ಯಾವುದೂ ಇಲ್ಲ, ಎಲ್ಲಿ ನಿಂತರೂ ನಾಲ್ಕೇ ರೂಪ. ಕಣ್ಣಿನವರಿಗೂ ಖುಷಿ.

ರೂಪ ಬಂದ ಮೇಲೆ ನಿಜವಾದ ಮಜಾ ಶುರು. ಮಷೀನ್ ಜೋಡಿಸುವ ಕಡೆ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು. ಅವರ ಬಾಯಲ್ಲಿ ‘ಬೆಲ್ಲೊ’ ಬಾರದ ವಾಕ್ಯವೇ ಇಲ್ಲ. ಆದರೆ ಅದರಲ್ಲಿ ಚೆಂದದ ಮಾತು ಅರ್ಧಕ್ಕಿಂತ ಕಡಿಮೆ. ಜೋರು ನೆಗಡಿ ಆದಾಗ ‘ಉನ್ ಬೆಲ್ ರಫ್ರೆದ್ದೋರೆ’ ಎಂದರು. ನೆಗಡಿಯಲ್ಲಿ ಏನು ಚೆಂದ? ಮೋಟಾರು ಕೈಕೊಟ್ಟಾಗ ‘ಉನ್ ಬೆಲ್ ಪ್ರೊಬ್ಲೇಮಾ’. ರಾತ್ರಿ ಪಾಳಿಯಲ್ಲಿ ಅಲಾರಂ ಹೊಡೆದಾಗ ‘ನೆಲ್ ಬೆಲ್ ಮೆದ್ಸೊ ದೆಲ್ಲಾ ನೊತ್ತೆ’. ನಟ್ಟನಡುರಾತ್ರಿ ಅಂತ. ಏನು ಸಿಕ್ಕಿತು ಎಂದು ಕೇಳಿದರೆ ‘ಉನ್ ಬೆಲ್ ನಿಯೆಂತೆ’. ಏನಂದ್ರೆ ಏನೂ ಇಲ್ಲ. ಇಲ್ಲೆಲ್ಲ ‘ಬೆಲ್’ ಬರೀ ಒತ್ತು ಕೊಡಲು ಇದೆ. ನಾವು ‘ಚೆನ್ನಾಗಿ ಬೈದ’, ‘ಚೆನ್ನಾಗಿ ಏಟು ಬಿತ್ತು’ ಎನ್ನುವುದಿಲ್ಲವೇ, ಅದೇ ಲೆಕ್ಕ.

ವ್ಯಂಗ್ಯ ಇನ್ನೂ ಹತ್ತಿರ. ಸಹೋದ್ಯೋಗಿ ಸಹಾಯಕ್ಕೆ ಬರುತ್ತೇನೆಂದು ಬರದಿದ್ದರೆ ‘ಬೆಲ್ಲಮೀಕೊ ಕೆ ಸೇಯಿ!’ ಎನ್ನುತ್ತಾರೆ. ಒಳ್ಳೇ ಫ್ರೆಂಡ್ ಕಣೋ ನೀನು! ದನಿಯೂ ಅದೇ, ಮುಖ ಸೊಟ್ಟ ಮಾಡುವುದೂ ಅದೇ. ಅಲ್ಲಿಂದ ಮುಂದೆ ‘ಬೆಲ್ಲೊ’ವನ್ನು ‘ಸುಂದರ’ ಎಂದು ಯೋಚಿಸುವುದನ್ನೇ ಬಿಟ್ಟೆ. ನಮ್ಮ ‘ಸುಂದರ’ ವ್ಯಂಗ್ಯಕ್ಕೆ, ಬೈಗುಳಕ್ಕೆ ಇಷ್ಟು ಸಲೀಸಾಗಿ ಬಗ್ಗುವುದಿಲ್ಲ. ಮಾತಿನ ‘ಒಳ್ಳೇ’ ಬಗ್ಗುತ್ತದೆ. ಒಳ್ಳೇ ಕಥೆ ಆಯ್ತಲ್ಲ ಇದು, ಒಳ್ಳೇ ಸಮಯಕ್ಕೆ ಬಂದ್ರಿ, ಒಳ್ಳೇ ಗ್ರಹಚಾರ. ‘ಬೆಲ್ಲೊ’ ಕೂಡ ಹೀಗೇ ದುಡಿಯುವ ಪದ. ‘ಬೆಲ್ಲೆ ಬುವೋನೊ’ ಎಂದು ಎರಡನ್ನೂ ಜೋಡಿಸಿದರೆ ‘ಶುದ್ಧ’ ಎಂಬ ಅರ್ಥ, ಅದೂ ಶುದ್ಧ ಮೋಸ, ಶುದ್ಧ ಸುಳ್ಳು ಎನ್ನುವ ಕಡೆ. ಮೂಲ ನೋಡಿದರೂ ಇವೆರಡು ಒಂದೇ ಮನೆಯವು. ಲ್ಯಾಟಿನ್ನಿನ ‘ಬೊನುಸ್’, ಅಂದರೆ ಒಳ್ಳೆಯದು, ಅದರ ಮುದ್ದಿನ ರೂಪವಾಗಿ ಹುಟ್ಟಿದ್ದು ‘ಬೆಲ್ಲುಸ್’. ಸೌಂದರ್ಯಕ್ಕೆ ಗಂಭೀರವಾದ ‘ಪುಲ್ಕೆರ್’ ಎಂಬ ಪದ ಬೇರೆಯೇ ಇತ್ತು. ಜನರ ಬಾಯಲ್ಲಿ ಉಳಿದದ್ದು ಮುದ್ದಿನದ್ದೇ.

ನಾಮಪದದ ಮುಂದೆಯೋ ಹಿಂದೆಯೋ ಎಂಬುದರಲ್ಲೂ ಅರ್ಥ ಸ್ವಲ್ಪ ಸರಿಯುತ್ತದೆ. ‘ಉನಾ ಬೆಲ್ಲಾ ಕಾಸಾ’ ಎಂದರೆ ಸುಮ್ನೆ ಮೆಚ್ಚುಗೆ. ‘ಉನಾ ಕಾಸಾ ಬೆಲ್ಲಾ’ ಎಂದರೆ ಬೇರೆಯವು ಅಷ್ಟಕ್ಕಷ್ಟೆ, ಚೆಂದದ್ದೇ ಬೇಕು ಎಂಬ ಒತ್ತು. ಹಾಗೆಯೇ ಇನ್ನೊಂದು ಗುಣವಾಚಕದ ಮುಂದೆ ನಿಲ್ಲುವುದೂ ಉಂಟು. ‘ಉನ್ ಕಫೆ ಬೆಲ್ಲೊ ಕಾಲ್ದೊ’ ಎಂದರೆ ಬಿಸಿಬಿಸಿ ಕಾಫಿ. ಇಲ್ಲಿನ ಎಸ್ಪ್ರೆಸ್ಸೊ ಒಂದು ಗುಟುಕಿನದ್ದು, ಕೇಳಿ ಬಿಸಿ ಮಾಡಿಸಿಕೊಂಡರೂ ನಮ್ಮ ಲೋಟದ ಕಾಫಿಯ ತೃಪ್ತಿ ಇಲ್ಲ. ಇರಲಿ.

ಪದ ಒಮ್ಮೆ ಕಿವಿಗೆ ಹತ್ತಿದರೆ ಎಲ್ಲೆಲ್ಲೂ ಕಾಣುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ‘ಬೆಲ್ ಪಯೇಸೆ’ ಎಂಬ ಮೆತ್ತಗಿನ ಚೀಸ್ ಇದೆ, ಎಜೀದಿಯೊ ಗಲ್ಬಾನಿ 1906ರಲ್ಲಿ ತಯಾರಿಸಿದ್ದು. ‘ಬೆಲ್ ಪಯೇಸೆ’, ಅಂದರೆ ‘ಚೆಂದದ ನಾಡು’, ಎಂದು ಇಟಲಿಯನ್ನು ಕರೆಯುವುದು ಕವಿ ದಾಂತೆಯ ಕಾಲದಿಂದ ಬಂದದ್ದು. ಇನ್ನೊಂದು ನಮ್ಮ ಮನೆಯಲ್ಲೇ ಇತ್ತು. ಅಪ್ಪನ ಹೋಮಿಯೋಪಥಿ ಡಬ್ಬಿಯಲ್ಲಿ ಜ್ವರಕ್ಕೆಂದು ಇಟ್ಟಿರುತ್ತಿದ್ದ ಬೆಲ್ಲಡೋನಾ ಗುಳಿಗೆ! ‘ಬೆಲ್ಲಾ ದೊನ್ನಾ’, ಸುಂದರ ಹೆಂಗಸು. ಹಿಂದೆ ಇಲ್ಲಿನ ಹೆಂಗಸರು ಕಣ್ಣು ದೊಡ್ಡದಾಗಿ ಕಾಣಲೆಂದು ಆ ಗಿಡದ ರಸ ಬಿಟ್ಟುಕೊಳ್ಳುತ್ತಿದ್ದರಂತೆ. ಗಿಡ ಶುದ್ಧ ವಿಷ. ಕಣ್ಣಿನ ಡಾಕ್ಟರು ಪಾಪೆ ಹಿಗ್ಗಿಸಲು ಹಾಕುವ ಅಟ್ರೊಪಿನ್ ಸಿಗುವುದೂ ಅದರಿಂದಲೇ.

ಪರೀಕ್ಷೆ ಒಂದು ಶಾಲೆಯ ಕೋಣೆಯಲ್ಲಿ ನಡೆಯಿತು. ಕೇಳಿ ಅರ್ಥಮಾಡಿಕೊಳ್ಳುವುದು, ಓದುವುದು, ಬರೆಯುವುದು. ಪಾಸಾಗಲು ನೂರಕ್ಕೆ 80 ಬೇಕು. ಬರೆಯುವ ಭಾಗದಲ್ಲಿ ಗೆಳತಿಯನ್ನು ಊರು ನೋಡಲು ಕರೆಯುವ ಚಿಕ್ಕ ಪತ್ರ. ಮೇಲ್ವಿಚಾರಕರು ಕಚ್ಚಾ ಪ್ರತಿಗೆಂದು ಬೇರೆ ಹಾಳೆ ಕೊಟ್ಟರು. ಕಚ್ಚಾ ಪ್ರತಿ ‘ಬ್ರುತ್ತಾ ಕೋಪ್ಯಾ’, ಅಂದರೆ ಕುರೂಪಿ ಪ್ರತಿ. ಫೇರ್ ಮಾಡಿ ಬರೆದದ್ದು ‘ಬೆಲ್ಲಾ ಕೋಪ್ಯಾ’. ಶಾಲೆಯಲ್ಲಿ ರಫ್ ನೋಟ್ಸು, ಫೇರ್ ನೋಟ್ಸು ಎಂದು ಎರಡೆರಡು ಬರೆದು ಬೆರಳು ಸವೆಸಿದವರಿಗೆ ಅರ್ಥವಾಗಲು ನಿಘಂಟು ಬೇಕಿರಲಿಲ್ಲ. ಪತ್ರದಲ್ಲಿ ಬೀದಿ, ಚೌಕ, ಕಂಬಸಾಲು ಎಲ್ಲವನ್ನೂ ತಂದೆ. ‘ಬೆಲ್ಯಿ’ ಬರುವ ಒಂದು ಸಾಲನ್ನೂ ಬೇಕೆಂದೇ ಸೇರಿಸಿದೆ, ಕಳ್ಳದಾರಿ ಹಿಡಿಯದೆ. ಫಲಿತಾಂಶದಲ್ಲಿ ‘ಸುಪೆರಾತೊ’ ಎಂದು ಬಂತು, ಪಾಸು ಎಂದರ್ಥ.

ಈಗ ಅದರ ಮುಂದಿನ ಮಟ್ಟವಾದ ಬಿ1 ಪುಸ್ತಕ ತೆರೆದಿದ್ದೇನೆ. ಮದುವೆಯ ಮೂಲಕವಾಗಲಿ, ವಾಸದ ಮೂಲಕವಾಗಲಿ ಪೌರತ್ವ ಕೇಳುವವರಿಗೆ 2018ರಿಂದ ಆ ಮಟ್ಟ ಕಡ್ಡಾಯ. ನನಗೆ ಪೌರತ್ವದ ಯೋಚನೆ ಇಲ್ಲ. ಸುಮ್ನೆ ಕಲಿಯೋಣ ಅಂತ ಅಷ್ಟೆ. ಅಲ್ಲೂ ಮೊದಲು ಎದುರಾದದ್ದು ‘ಬೆಲ್ಲೊ’ವೇ. ‘ಎ ಬೆಲ್ಲೊ ಕೆ’ ಎಂದು, ಅಂದರೆ ‘ಹೀಗಾದದ್ದು ಎಷ್ಟು ಒಳ್ಳೆಯದಾಯಿತು’ ಎಂದು ವಾಕ್ಯ ಶುರು ಮಾಡಿದರೆ ಮುಂದೆ ಮಾಮೂಲಿ ಕ್ರಿಯಾಪದ ಬರುವ ಹಾಗಿಲ್ಲ. ‘ನೀನು ಬಂದದ್ದು ಒಳ್ಳೆಯದಾಯಿತು’ ಎನ್ನಲು ‘ಎ ಬೆಲ್ಲೊ ಕೆ ತು ಸೀಯಾ ವೆನೂತಾ’. ಮಾಮೂಲಿ ‘ಸೇಯಿ’ ಇರಬೇಕಾದಲ್ಲಿ ‘ಸೀಯಾ’ ಬಂದು ಕೂತಿದೆ. ಅನಿಸಿಕೆ, ಆಸೆ, ಅನುಮಾನಗಳಿಗೆಂದೇ ಇರುವ ಈ ಕ್ರಿಯಾರೂಪಕ್ಕೆ ‘ಕೊಂಜುಂತೀವೊ’ ಎಂದು ಹೆಸರು. ಮೆಕ್ಯಾನಿಕ್ ಹತ್ತಿರ ಕೇಳಿದೆ. ಮಾತಾಡುವಾಗ ತಾನೇ ಅದನ್ನು ಅರ್ಧಕ್ಕರ್ಧ ಬಿಟ್ಟುಬಿಡುತ್ತೇನೆ, ನೀನು ಮಾತ್ರ ಸರಿಯಾಗಿ ಕಲಿ ಎಂದರು.